ರಾಚಪ್ಪ ಮೇಷ್ಟ್ರು ನಿಂತ ಜಾಗಗಳು

ಬಸ್ಸು ಹತ್ತಿದ ಕೂಡಲೇ ನಾನು ಡ್ರೈವರ್ ಕಣ್ಣು ಕೆಂಪಗಿದೆಯೇ ಎಂದು ನೋಡುತ್ತೇನೆ. ಆಮೇಲೆ ಟಿಕೆಟ್ಟು ಯಾವ ಜೇಬಿನಲ್ಲಿದೆ ಎಂದು ಮೂರು ಸಲ ಮುಟ್ಟಿಕೊಳ್ಳುತ್ತೇನೆ. ಕೊನೆಗೆ, ಐವತ್ತು ದಾಟಿದ ಎದೆಗೆ ಗಾಳಿ ಆಗಿಬರುವುದಿಲ್ಲ ಎಂದು ಕಿಟಕಿ ಮುಚ್ಚುತ್ತೇನೆ. ಹೋದ ಮಾಘದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಒಂದು ಮದುವೆಗೆಂದು ಹೊರಟಾಗಲೂ ಇಷ್ಟೂ ಶಾಸ್ತ್ರ ಮುಗಿಸಿ ಕೂತಿದ್ದೆ. ತೆರಕಣಾಂಬಿ ದಾಟಿದ ಮೇಲೆ, ಕಿಟಕಿ ಮುಚ್ಚಿದ್ದರೂ ಒಳಗೆ ಬಂತು, ಅರಿಶಿನ ಬೇಯುವ ವಾಸನೆ. ಹಸಿ ಮಣ್ಣು, ಹೊಗೆ, ಔಷಧಿ ಮೂರೂ ಕಲೆತಂಥ ಘಾಟು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಾನು ಮುಚ್ಚಿದ್ದ ಕಿಟಕಿಯನ್ನು ತೆಗೆದೆ.

ಆ ವಾಸನೆಯ ಹಿಂದೆ ಒಂದು ಮಾಘವಿದೆ. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ದೊಡ್ಡ ಸಾಹೇಬರ ಕಾರು ಬಂದಿತ್ತು, ಮಧ್ಯಾಹ್ನದ ಕರೆಂಟು ಮಾತ್ರ ಮನಸ್ಸು ಬಂದಾಗ ಬರುತ್ತಿತ್ತು. ನನಗೆ ಇಪ್ಪತ್ತನಾಲ್ಕು. ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ಯಾಸೆಟ್ ವ್ಯಾಪಾರದ ನಂಜುಂಡಸ್ವಾಮಿಯವರು ಒಂದು ರೆಕಾರ್ಡಿಂಗ್ ಸ್ಟುಡಿಯೋ ಮಾಡಿದ್ದರು. ಗೋಡೆಗೆ ಮೊಟ್ಟೆಯ ಟ್ರೇಗಳು, ಬಾಗಿಲಿಗೆ ಗೋಣಿಚೀಲ, ನಡುವೆ ಗಾಜಿನ ಒಂದು ಸಣ್ಣ ಕಿಂಡಿ. ಮೈಸೂರಿನಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದೆನೆಂಬ ಒಂದೇ ಕಾರಣಕ್ಕೆ ನಾನು ಅಲ್ಲಿ ಆಪರೇಟರ್. ಮೌಸನ್ನು ಅತ್ತೆಮನೆಯ ಬೆಳ್ಳಿಲೋಟದಂತೆ ಹಿಡಿಯುತ್ತಿದ್ದೆ.

ಕಂಪ್ಯೂಟರಿನ ಪರದೆಯ ಮೇಲೆ ಹೊಲದ ಸಾಲಿನಂತೆ ಒಂದರ ಕೆಳಗೊಂದು ಟ್ರ್ಯಾಕುಗಳು. ಆಡಿಯೋ ಟ್ರ್ಯಾಕಿಗೆ ಮೈಕಿನ ಸದ್ದು ಹೋಗುತ್ತಿತ್ತು. ಮಿಡಿ ಟ್ರ್ಯಾಕಿಗೆ ಸದ್ದೇ ಹೋಗುತ್ತಿರಲಿಲ್ಲ. ಕಂಪ್ಯೂಟರಿಗೆ ಜೋಡಿಸಿದ್ದ, ಪಿಯಾನೋದಂಥ ಕೀಬೋರ್ಡಿನ ಯಾವ ಮನೆಯನ್ನು ಯಾವಾಗ ಒತ್ತಿದರು, ಎಷ್ಟು ಬಿರುಸಾಗಿ ಒತ್ತಿದರು, ಯಾವಾಗ ಬೆರಳೆತ್ತಿದರು, ಅಷ್ಟೇ ಅಲ್ಲಿ ಗೀಟು ಗೀಟಾಗಿ ಬೀಳುತ್ತಿತ್ತು. ಆಮೇಲೆ ಆ ಗೀಟುಗಳನ್ನು ಯಾವ ವಾದ್ಯದ ಕಡೆಗೆ ತಿರುಗಿಸುತ್ತೇವೋ ಆ ವಾದ್ಯ ದನಿ ಕೊಡುತ್ತಿತ್ತು. ಯಾವುದನ್ನು ಎಲ್ಲಿಗೆ ಕಳಿಸಬೇಕು, ಯಾರ ಕಿವಿಗೆ ಏನು ಬೀಳಬೇಕು ಎಂದು ನೋಡಿಕೊಳ್ಳುವುದೇ ನನ್ನ ಕೆಲಸ. ಹೆಡ್‌ಫೋನಿನಲ್ಲಿ ಕೇಳಿಸಿದ್ದೆಲ್ಲ ರೆಕಾರ್ಡ್ ಆಗುತ್ತಿದೆ ಎಂದು ನಂಬಿದವನು ಈ ಕಸುಬಿನಲ್ಲಿ ಉದ್ಧಾರವಾಗುವುದಿಲ್ಲ. ಕೇಳುವ ದಾರಿ ಬೇರೆ, ಉಳಿಯುವ ದಾರಿ ಬೇರೆ. ಇದನ್ನು ನಾನು ಬಂದವರಿಗೆಲ್ಲ ದೊಡ್ಡ ಪಂಡಿತನಂತೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಆ ಕಿರಿದಾದ ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿತು. ಎಮ್ಮೆಯಂಥ ಮೈಕಟ್ಟಿನ ಒಬ್ಬ ಆಸಾಮಿ, ಅವನ ಬೆನ್ನ ಮೇಲೆ ಬಿಳಿ ಪಂಚೆಯ ಒಬ್ಬ ಮುದುಕರು.

“ಇಳ್ಸ್ಲಾ ಮೆತ್ತಗ. ಮೂಟೆಯೇನ್ಲಾ ನಾನು?”

“ಮೂಟೆಯಾದ್ರ ಕೂಲಿಯಾದ್ರೂ ಸಿಕ್ತಿತ್ತು ಬುಡಿ ಮೇಷ್ಟ್ರೇ.”

ಮುದುಕರು ಭೀಮನಬೀಡಿನ ರಾಚಪ್ಪ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಬೇಸಾಯ ಮಾಡುವ ಜನ ಸುಗ್ಗಿ ಮುಗಿಸಿ ಪೌರಾಣಿಕ ನಾಟಕ ಕಟ್ಟುವಾಗ ಅವರಿಗೆ ಮಾತು ಕಲಿಸಿ, ಹಾಡು ತಿದ್ದಿ, ನಾಟಕದ ದಿನ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಹಿಡಿದು ರಂಗದ ಪಕ್ಕದಲ್ಲಿ ಕೂರುವವರು. ಆ ಹಾರ್ಮೋನಿಯಮ್ಮಿಗೆ ಊರಿನವರ ಬಾಯಲ್ಲಿ ಪೆಟ್ಟಿಗೆ ಎಂದೇ ಹೆಸರು. ಮೂವತ್ತು ವರ್ಷ ಕೂತಿದ್ದವರನ್ನು ಹಿಂದಿನ ದೀಪಾವಳಿಯಲ್ಲಿ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಎರಡೂ ಹೋಗಿದ್ದವು. ಒಂದೇ ಕಾಲಿನಲ್ಲಿ ತುಳಿದರೆ ಪೆಟ್ಟಿಗೆಗೆ ಗಾಳಿ ಸಾಲುತ್ತಿರಲಿಲ್ಲ.

ಹೊತ್ತು ತಂದವನು ಚಿಕ್ಕಮಾದಣ್ಣ. ಅವರ ನಾಟಕದ ರಾಜಾಪಾರ್ಟು.

“ಯುಗಾದಿಗ ಮುಂಚ ನಾಟ್ಕ ಅದ. ಊರೋರು ನಂಜನಗೂಡು ಕಡೆಯಿಂದ ಬ್ಯಾರೆ ಮೇಷ್ಟ್ರ ಕರ್ಸ್ತೀವಿ ಅಂತವ್ರ,” ಅಂದ ಚಿಕ್ಕಮಾದಣ್ಣ. “ನಮ್ಮ ಮೇಷ್ಟ್ರು ಕೂರ್ನಿಲ್ಲ ಅಂದ್ರ ನಾನು ಮಕಕ್ಕ ಬಣ್ಣ ಅಚ್ಚಲ್ಲ ಅಂದ್ಬುಟ್ಟಿ.”

“ಇವ ಅಚ್ಚದಿದ್ರ ಊರಿಗ ಒಳ್ಳೇದೇ ಅನ್ನು,” ಅಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, “ತುಳಿಯಂಗಿಲ್ಲದ ಪೆಟ್ಟಿಗೆ ಅದಂತಲ್ಲ ನಿಮ್ತಾವು? ವಸಿ ತೋರ್ಸು ಮಗ.”

ಕೀಬೋರ್ಡಿನ ಮುಂದೆ ಕೂರಿಸಿದೆ. ಬಲಗೈ ಇಟ್ಟರು. ಮೇಜಿನ ಕೆಳಗೆ ಅವರ ಬಲಗಾಲು ತಾನಾಗಿ ತುಳಿಯಲು ಶುರು ಮಾಡಿತು. ಅಲ್ಲಿ ತುಳಿಯಲು ಏನೂ ಇರಲಿಲ್ಲ.

ಅರ್ಧ ಗಂಟೆ ಕೂತರೆ ಅವರ ಕುತ್ತಿಗೆ ವಾಲುತ್ತಿತ್ತು. ಇಡೀ ನಾಟಕಕ್ಕೆ ಕೂರುವುದು ಆಗದ ಮಾತು. ಉಪಾಯ ಹೊಳೆದದ್ದು ನನಗೇ, ಹಾಗಾಗಿ ಬೇರೆ ಯಾರನ್ನೂ ಬೈಯುವಂತಿಲ್ಲ. ದಿನಕ್ಕೆ ಒಂದೆರಡು ಹಾಡಿನಂತೆ ಅವರ ನುಡಿಸಾಣಿಕೆಯನ್ನು ಕಂಪ್ಯೂಟರಿಗೆ ತುಂಬಿಸಿ, ಹಾರ್ಮೋನಿಯಂ ದನಿ ಕೊಟ್ಟು, ಕ್ಯಾಸೆಟ್ಟಿಗೆ ಇಳಿಸುವುದು. ನಾಟಕದ ದಿನ ಅದು ಓಡುತ್ತಿರುತ್ತದೆ, ಮೇಷ್ಟ್ರು ರಂಗದ ಪಕ್ಕ ಈಸಿಚೇರಿನಲ್ಲಿ ಕೂತಿರುತ್ತಾರೆ. ಅವರ ನಾಟಕ ಅವರ ಕೈಯಲ್ಲೇ ಇರುತ್ತದೆ.

“ಅದು ನಾನು ಬಾರ್ಸಿದ್ದನ್ನೇ ಇಟ್ಕಂಡಿರ್ತದ?”

“ನಿಮ್ಮ ಬೆರಳು ಏನು ಮಾಡ್ತೋ ಅದನ್ನೇ ಮೇಷ್ಟ್ರೇ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕಂಪ್ಯೂಟರು ಸುಳ್ಳು ಹೇಳಲ್ಲ.”

ಹೀಗೆ ಅಂದವನು ನಾನು.

ಮೊದಲ ದಿನವೇ ಅವರು ಕೈ ಎತ್ತಿಬಿಟ್ಟರು. “ಯಾರ್ಲಾ ಅದು, ನನ್ನ ಇಂದ್ಗಡ ಕೂತ್ಕಂಡು ಬಾರ್ಸ್ತಿರಾದು?” ಕೀಬೋರ್ಡು ತನ್ನ ದನಿಯನ್ನು ತಾನೇ ಹೊರಡಿಸುತ್ತಿತ್ತು, ಅದೇ ಗೀಟನ್ನು ಕಂಪ್ಯೂಟರು ವಾಪಸ್ಸು ಕಳಿಸಿ ಇನ್ನೊಮ್ಮೆ ನುಡಿಸುತ್ತಿತ್ತು. ಒಂದು ಮನೆ ಒತ್ತಿದರೆ ಎರಡು ದನಿ. ಕೀಬೋರ್ಡಿನ ಸ್ವಂತ ಬಾಯಿ ಕಟ್ಟಿದ ಮೇಲೆ ಸರಿಹೋಯಿತು. ಆಮೇಲೆ ಇನ್ನೊಂದು ತಕರಾರು.

“ಯಾರ್ಗ ಬಾರ್ಸಾದು? ಗೋಡೆಗ? ಮಾದ ಆಡ್ಲಿ, ಬಾರುಸ್ತೀನಿ.”

ನಾಟಕದ ಮೇಷ್ಟ್ರು ಒಬ್ಬರೇ ನುಡಿಸುವವರಲ್ಲ, ಹಾಡುವವನ ಹಿಂದೆ ಹೋಗುವವರು. ಗಾಜಿನ ಆಚೆ ಚಿಕ್ಕಮಾದಣ್ಣನಿಗೊಂದು ಮೈಕು, ಹೆಡ್‌ಫೋನು, ಈಚೆ ಮೇಷ್ಟ್ರಿಗೊಂದು ಮೈಕು, ಹೆಡ್‌ಫೋನು ಕೊಟ್ಟೆ. ದನಿಯನ್ನು ಕಂಪ್ಯೂಟರಿನ ಮೂಲಕ ಸುತ್ತಿಸಿದೆ. ಆ ಕಾಲದ ಕಂಪ್ಯೂಟರಿನ ಹೊಟ್ಟೆಯೊಳಗೆ ಹೋದ ದನಿ ಹೊರಗೆ ಬರುವಷ್ಟರಲ್ಲಿ ಅರ್ಧ ಮಾತ್ರೆ ತಡವಾಗುತ್ತಿತ್ತು. ಅವನಿಗಾಗಿ ಇವರು ಕಾಯುವುದು, ಇವರಿಗಾಗಿ ಅವನು ಕಾಯುವುದು. ಹಾಡು ಬಿಸಿಲಿನಲ್ಲಿ ಮಲಗಿದ ಎಮ್ಮೆಯಾಯಿತು. ಕೊನೆಗೆ ಎರಡು ಮೈಕನ್ನೂ ಕಂಪ್ಯೂಟರಿನಿಂದ ಬಿಡಿಸಿ ದನಿ ಬೆರೆಸುವ ಮಿಕ್ಸರಿನಿಂದ ನೇರವಾಗಿ ಹೆಡ್‌ಫೋನುಗಳಿಗೆ ಕೊಟ್ಟೆ. ದನಿ ಹೇಗೂ ನಾಟಕದ ದಿನ ರಂಗದ ಮೇಲೇ ಇರುತ್ತದಲ್ಲ, ರೆಕಾರ್ಡ್ ಯಾಕೆ? ಬೆರಳು ಕಂಪ್ಯೂಟರಿಗೆ, ದನಿ ಬರೀ ಕಿವಿಗೆ. ಬಹಳ ಅಚ್ಚುಕಟ್ಟಾದ ಏರ್ಪಾಡು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನಮ್ಮಲ್ಲಿ ಇದ್ದದ್ದು ಎರಡೇ ಹೆಡ್‌ಫೋನು. ಸ್ಪೀಕರ್ ಹಾಕಿದರೆ ಮೈಕು ಕೂಗುತ್ತಿತ್ತು. ಹಾಗಾಗಿ ಆ ಹನ್ನೊಂದು ಮಧ್ಯಾಹ್ನ ಅವರಿಬ್ಬರೂ ಏನು ಕೇಳಿಕೊಂಡರು ಎಂದು ನನಗೆ ಗೊತ್ತಿಲ್ಲ. ನಾನು ನೋಡಿದ್ದು ಪರದೆಯ ಮೇಲೆ ಬೀಳುತ್ತಿದ್ದ ಗೀಟುಗಳನ್ನು. ಗಾಜಿನಾಚೆ ಚಿಕ್ಕಮಾದಣ್ಣನ ಬಾಯಿ ಬಾವಿಯಂತೆ ತೆರೆಯುವುದು, ಗೋಣಿಯ ಬಾಗಿಲಿನಿಂದ ಸ್ವಲ್ಪ ದನಿ ಸೋರುವುದು. ಈಚೆ ಮೇಷ್ಟ್ರ ತುಟಿ ಆಗಾಗ ಅಲ್ಲಾಡುವುದು. ವಯಸ್ಸಾದವರು, ತಮ್ಮ ಪಾಡಿಗೆ ಗುನುಗಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಪೇಟೆಯಲ್ಲಿ ಬೆಳೆದವನು ನಾನು, ಸಿನಿಮಾ ಟೆಂಟು ಬಿಟ್ಟರೆ ನಾಟಕದ ಕಡೆ ತಲೆ ಹಾಕಿದವನಲ್ಲ.

ಹನ್ನೊಂದನೇ ದಿನ ಮುಗಿಸಿ ಏಳುವಾಗ ಮೇಷ್ಟ್ರು ಕೀಬೋರ್ಡನ್ನು ಒಂದು ಸಲ ಸವರಿದರು. “ಕೂತೆ ಕಣ್ಲಾ ಮಾದ. ಈ ವರ್ಸಾನೂ ಕೂತ್ಬುಟ್ಟೆ,” ಅಂದರು. ಚಿಕ್ಕಮಾದಣ್ಣ ಬೆನ್ನು ಬಾಗಿಸಿದ. ಅವನ ಬೆನ್ನಿನಲ್ಲೂ ಮೇಷ್ಟ್ರ ಪಂಚೆಯಲ್ಲೂ ಅರಿಶಿನದ ಘಾಟು. ಬೆಳಿಗ್ಗೆಯೆಲ್ಲ ಕೊಪ್ಪರಿಗೆಯ ಮುಂದೆ ನಿಂತು ಅರಿಶಿನ ಬೇಯಿಸಿ, ಮಧ್ಯಾಹ್ನ ಮೇಷ್ಟ್ರನ್ನು ಹೊತ್ತು ಎರಡು ಬಸ್ಸು ಹತ್ತಿ ಬರುತ್ತಿದ್ದ ಅವನು.

ಅವರು ಹೋದ ಮೇಲೆ ನಾನು ಮೊದಲ ಸಲ ಬರೀ ಹಾರ್ಮೋನಿಯಂ ಕೇಳಿದೆ. ನಂಜುಂಡಸ್ವಾಮಿಯವರೂ ಕೇಳಿದರು.

“ಏನ್ಲಾ ಇದು, ಕುಂಟ್ಕಂಡು ನಡೀತದ?”

ನಿಜ. ಎರಡು ಸಾಲು ಚೆನ್ನಾಗಿ ಹೋಗುವುದು, ಮೂರನೆಯದರ ಮುಂದೆ ಬೆರಳು ನಿಂತುಬಿಡುವುದು. ಒಂದೇ ಸ್ವರ ಹಿಡಿದು ಕೂರುವುದು, ಇಲ್ಲವೇ ಮೌನ. ಆಮೇಲೆ ಏನೂ ಆಗದವರಂತೆ ಮುಂದಕ್ಕೆ ಹೋಗುವುದು. ಪ್ರತಿ ಹಾಡಿನಲ್ಲೂ ಹೀಗೆ. ಲಕ್ವ ಬಲಗೈಗೂ ಇಳಿದಿದೆ, ಪಾಪ, ಅವರಿಗೇ ಗೊತ್ತಿಲ್ಲ ಎಂದುಕೊಂಡೆ. ಊರಿನವರ ಮುಂದೆ ಇದು ಬಯಲಾದರೆ? ನನ್ನ ರೆಕಾರ್ಡಿಂಗು ಸರಿಯಿಲ್ಲ ಎಂದು ಜನ ಆಡಿಕೊಂಡರೆ? ಈ ಎರಡು ಚಿಂತೆಯಲ್ಲಿ ಯಾವುದು ದೊಡ್ಡದಿತ್ತು ಎಂದು ಇಪ್ಪತ್ತೇಳು ವರ್ಷದಿಂದ ತೂಗುತ್ತಿದ್ದೇನೆ. ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ.

ಸದ್ದಾಗಿದ್ದರೆ ಕೈಹಾಕಲು ಆಗುತ್ತಿರಲಿಲ್ಲ. ಗೀಟು ತಾನೇ, ಎಳೆದರೆ ಬರುತ್ತದೆ. ಎರಡು ದಿನ ಕೂತು ಖಾಲಿ ಬಿಟ್ಟ ಜಾಗಗಳನ್ನೆಲ್ಲ ಮುಚ್ಚಿದೆ. ಹಿಂದುಮುಂದಾದ ಸ್ವರಗಳನ್ನು ತಾಳದ ಗೆರೆಗೆ ಸಾಲಾಗಿ ಕೂರಿಸಿದೆ. ಹಳೆಯದರ ಮೇಲೆಯೇ ಬರೆಯಲೇ ಎಂದು ಕಂಪ್ಯೂಟರು ಕೇಳಿತು. ಸಿಲಿಂಡರ್ ಆಫ್ ಮಾಡಿದೆನೇ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುವ ನಾನು, ಆವತ್ತು ಒಂದು ಕ್ಷಣವೂ ಯೋಚಿಸದೆ ಹ್ಞೂ ಅಂದೆ.

ತಾಲೀಮು ಇದ್ದದ್ದು ಒಂದು ಭಾನುವಾರ ಮಧ್ಯಾಹ್ನ, ಭೀಮನಬೀಡಿನಲ್ಲಿ, ಹಾಲಿನ ಡೈರಿಯ ಶೆಡ್ಡಿನಲ್ಲಿ. ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಮೇಷ್ಟ್ರಿಗೆ ಕ್ಷೌರ ಮಾಡಿಸಿ, ಇಸ್ತ್ರಿಯಾದ ಜುಬ್ಬ ಹಾಕಿಸಿ, ಸ್ಪೀಕರಿನ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು. ಕ್ಯಾಸೆಟ್ ಹಾಕಿದೆ. ಹಾರ್ಮೋನಿಯಂ ಶುರುವಾಯಿತು. ಮೇಷ್ಟ್ರ ಬಲಗಾಲು ತುಳಿಯತೊಡಗಿತು. ಯಾರೋ “ಅದೇ ಕೈ ಕಣ್ರಪ್ಪ, ಅದೇ!” ಅಂದರು.

ಚಿಕ್ಕಮಾದಣ್ಣ ಮೊದಲ ಸಾಲು ಎತ್ತಿದ. ಶೆಡ್ಡಿನ ತಗಡು ನಡುಗುವ ದನಿ. ಎರಡನೇ ಸಾಲು ಮುಗಿಸಿ ಮೇಷ್ಟ್ರ ಕಡೆ ಕಣ್ಣು ಹೊರಳಿಸಿದ. ಮೇಷ್ಟ್ರು ಮುಂದಕ್ಕೆ ಬಾಗಿ, ತುಟಿ ಅಲ್ಲಾಡಿಸಿದರು.

ಆಗ ನನಗೆ ತಿಳಿಯಿತು. ಚಿಕ್ಕಮಾದಣ್ಣನಿಗೆ ಓದು ಬಾರದು. ಕಂಠ ದೊಡ್ಡದು, ನೆನಪು ಸೋರುವ ಮಡಕೆ. ಮೂರನೇ ಸಾಲು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ. ಮೂವತ್ತು ವರ್ಷ ಮೇಷ್ಟ್ರು ಬೆರಳು ನಿಲ್ಲಿಸಿ, ಜನಕ್ಕೆ ಕೇಳದ ಹಾಗೆ ಆ ಸಾಲಿನ ಮೊದಲ ಮಾತನ್ನು ಅವನಿಗೆ ಎತ್ತಿಕೊಟ್ಟು, ಅವನು ಹಿಡಿದುಕೊಂಡ ಮೇಲೆ ಮುಂದೆ ಹೋಗುತ್ತಿದ್ದರು. ಜನ ಅದನ್ನು ರಾಜನ ಗಾಂಭೀರ್ಯ ಎಂದುಕೊಂಡು ಶಿಳ್ಳೆ ಹೊಡೆಯುತ್ತಿದ್ದರು. ನಾನು ಮುಚ್ಚಿದ್ದು ಆ ಜಾಗಗಳನ್ನು.

ಮೇಷ್ಟ್ರ ತುಟಿಯಿಂದ ಮಾತು ಹೊರಡುವುದರೊಳಗೆ ಸ್ಪೀಕರು ಮೂರನೇ ಸಾಲು ದಾಟಿತ್ತು. ಚಿಕ್ಕಮಾದಣ್ಣ ಹೊರಟ ಬಸ್ಸಿನ ಹಿಂದೆ ಓಡುವವನಂತೆ ಓಡಿದ. ಎರಡನೇ ಸಲ ಹಾಕಿದೆ, ಅದೇ ಕತೆ. ಮೂರನೇ ಸಲ ಅವನು ಮೇಷ್ಟ್ರನ್ನು ಬಿಟ್ಟು ಸ್ಪೀಕರಿಗೇ ಕೈ ಮುಗಿದ.

“ನಿಲ್ಲಿ ಮೇಷ್ಟ್ರೇ, ವಸಿ ನಿಲ್ಲಿ!”

ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. ಕೈ ಸನ್ನೆ ಮಾಡಿ ನನ್ನನ್ನು ಹತ್ತಿರಕ್ಕೆ ಕರೆದರು.

“ನಾನು ನಿಂತಿದ್ದಿ ಅಲ್ವ ಮಗ ಅಲ್ಲಿ? ನೀ ಏನಾರ ಮಾಡ್ದ್ಯಾ?”

ನಿಜ ಹೇಳಲು ಒಂದೇ ಮಾತು ಸಾಕಿತ್ತು. ಇಪ್ಪತ್ತು ಜನ ನನ್ನ ಕಡೆ ನೋಡುತ್ತಿದ್ದರು.

“ಇಲ್ಲ ಮೇಷ್ಟ್ರೇ. ನೀವು ಬಾರ್ಸಿದ್ದೇ ಅದು. ನಾನು ಮುಟ್ಟಿಲ್ಲ.”

ಅವರು ನನ್ನ ಮುಖವನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈ ತಮ್ಮ ಮೈಗೆ ಅಂಟಿದೆ ಎಂಬಂತೆ.

“ಎಡಗೈ ಮಾತ್ರ ಓಗದ ಅಂದ್ಕಂಡಿದ್ದಿ,” ಅಂದರು. “ನಿಲ್ಲಾದ್ನೇ ಮರ್ತ್ಬುಟ್ಟೆ ನಾನು. ಆಡೋನ್ಗ ಕಾಯದೆ ಮುಂದಕ್ಕ ಓಗೋನು ಎಂತ ಮೇಷ್ಟ್ರು?” ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, “ನಂಜನಗೂಡಿನೋರ್ನೇ ಕರ್ಸ್ಕಳಿ. ಮಾದ, ನೀನು ಬಣ್ಣ ಅಚ್ಚು. ನನ್ನ ಮಾತು ಮೀರ್ಬ್ಯಾಡ.”

ಆ ವರ್ಷ ನಾಟಕ ಆಯಿತಂತೆ, ಚೆನ್ನಾಗಿಯೇ ಆಯಿತಂತೆ. ನಾನು ಹೋಗಲಿಲ್ಲ. ಮೇಷ್ಟ್ರೂ ಹೋಗಲಿಲ್ಲವಂತೆ.

ಹೇಳಿಬಿಡಬೇಕು ಎಂದು ಮೂರು ಸಲ ಹೊರಟೆ. ಮೊದಲ ಸಲ ತೆರಕಣಾಂಬಿಯಲ್ಲಿ ಇಳಿದು ಕಾಫಿ ಕುಡಿದು ವಾಪಸ್ಸು ಬಂದೆ. ಕೋಪ ಬಂದು ಅವರ ರಕ್ತದೊತ್ತಡ ಏರಿ ಇನ್ನೊಂದು ಸಲ ಲಕ್ವ ಹೊಡೆದರೆ ಎಂಬ ಚಿಂತೆ. ಚಿಂತೆ ಮಾಡುವವನಿಗೆ ಹೇಡಿತನ ಯಾವಾಗಲೂ ಡಾಕ್ಟರ ವೇಷದಲ್ಲೇ ಬರುತ್ತದೆ. ಎರಡನೇ ಸಲ ಗುಂಡ್ಲುಪೇಟೆಯ ಬಸ್ ನಿಲ್ದಾಣದವರೆಗೂ ಹೋಗಿ, ಕೇರಳಕ್ಕೆ ಹೋಗುವ ಬಾಳೆಕಾಯಿ ಲಾರಿಗಳನ್ನು ಎಣಿಸಿಕೊಂಡು ಕೂತು ಬಂದೆ. ಮೂರನೇ ಸಲ ಮುಂಗಾರು ಶುರುವಾಗಿತ್ತು. ಅಂಗಿ ಹಾಕಿಕೊಂಡು ಸ್ಟುಡಿಯೋ ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗೆ ಗೊಬ್ಬರದ ಅಂಗಡಿಯ ಮುಂದೆ ಚಿಕ್ಕಮಾದಣ್ಣ ನೆನೆದುಕೊಂಡು ನಿಂತಿದ್ದ. ತಲೆ ಬೋಳಿಸಿದ್ದ. ಮೇಷ್ಟ್ರು ಹೋದರೆಂದು ತಿಳಿಯಲು ಅಷ್ಟೇ ಸಾಕಾಯಿತು. ಚೆಂಡುಹೂವಿನ ಬೀಜವೋ ಗೊಬ್ಬರವೋ ಏನೋ ಕೊಂಡುಕೊಂಡು, ಮೂಟೆಯನ್ನು ಅದೇ ಬೆನ್ನಿನ ಮೇಲೆ ಹಾಕಿಕೊಂಡು ಹೋದ.

ಇಷ್ಟೂ ನೆನಪಾಗುವಷ್ಟರಲ್ಲಿ ಬಸ್ಸು ಗುಂಡ್ಲುಪೇಟೆಗೆ ಬಂದಿತ್ತು. ಮದುವೆಮನೆಗೆ ಹೋಗಲಿಲ್ಲ. ಭೀಮನಬೀಡಿನ ಬಸ್ಸು ಹತ್ತಿದೆ. ಡ್ರೈವರ್ ಮುಖ ನೋಡಲು ಮರೆತೆ.

ಚಿಕ್ಕಮಾದಣ್ಣ ಕಣದಲ್ಲಿ ಬೇಯಿಸಿದ ಅರಿಶಿನವನ್ನು ಬಿಸಿಲಿಗೆ ಹರಡುತ್ತಿದ್ದ. ಮೈ ಇಳಿದಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ಒಂದು ಗಳಿಗೆ ದಿಟ್ಟಿಸಿ, “ಕಂಪ್ಯೂಟ್ರು ಶಿವಣ್ಣ ಅಲ್ವ?” ಅಂದ. ಕೂರು ಎಂದು ಗೋಣಿ ಹಾಸಿದ. ನಾನು ಕೂರದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೇಷ್ಟ್ರು ನಿಂತಿದ್ದರು, ಎಲ್ಲ ಕಡೆಯೂ ನಿಂತಿದ್ದರು, ಮುಚ್ಚಿದವನು ನಾನು ಎಂದು.

ಅವನು ಅರಿಶಿನ ಕೆದಕುವುದನ್ನು ನಿಲ್ಲಿಸಲಿಲ್ಲ.

“ಮೇಷ್ಟ್ರಿಗ ಏಳ್ದ್ಯಾ?”

“ಇಲ್ಲ.”

“ನಂಗ ಗೊತ್ತಿತ್ತು ಕಣಪ್ಪ, ಅವ್ರು ನಿಂತಿದ್ರು ಅಂತ. ನನ್ನ ಕಿವೀಲಿ ಎತ್ಕೊಟ್ಟವ್ರಲ್ಲ, ನಂಗ ಗೊತ್ತಿರಲ್ವಾ?” ಅಂದ. “ಮಲ್ಗಿದ್ಮ್ಯಾಲ ದಿನಾ ಕೇಳೋರು. ‘ನಾನು ನಿಂತಿದ್ನೇನ್ಲಾ ಮಾದ?’ ಅಂತ. ‘ನಿಂತಿದ್ರಿ ಮೇಷ್ಟ್ರೇ’ ಅಂತಿದ್ದಿ. ನಂಬ್ನಿಲ್ಲ. ‘ನನ್ನ ಸಮಾಧಾನಕ್ಕ ಏಳ್ತಿದ್ದಯ್ಯ ನೀನು. ಕಂಪ್ಯೂಟ್ರು ಸುಳ್ಳೇಳಲ್ಲ ಕಣ್ಲಾ’ ಅನ್ನೋರು.”

ನಾನು ಗೋಣಿಯ ಮೇಲೆ ಕೂತೆ. ಹಳೆಯ ಫ್ಲಾಪಿಯಲ್ಲಿದ್ದ ಮೇಷ್ಟ್ರ ಹಾಡುಗಳನ್ನು ಫೋನಿಗೆ ಇಳಿಸಿಕೊಂಡು ವರ್ಷಗಳಿಂದ ಹೊತ್ತು ತಿರುಗುತ್ತಿದ್ದೇನೆ. ಅದನ್ನು ತೆಗೆದು ತೋರಿಸಿದೆ.

“ಎಲ್ಲೆಲ್ಲಿ ನಿಂತಿದ್ರು ಅಂತ ನೀನು ಹೇಳಿದ್ರೆ ತಿರುಗಿ ಹಾಕ್ತೀನಿ ಮಾದಣ್ಣ. ಈಗ ಸುಲಭ ಅದು.”

“ತಿರ್ಗ ಆಕ್ಬುಟ್ಟು ಯಾರ್ಗ ಕೇಳ್ಸಿಯ?”

ನಾನು ಫೋನನ್ನು ಜೇಬಿಗೆ ಹಾಕಹೋದೆ. ಅವನೇ, “ಆಡ್ಸು,” ಅಂದ.

ಹಾರ್ಮೋನಿಯಂ ದನಿ ಆ ಸಣ್ಣ ಫೋನಿನಿಂದ ತೆಳ್ಳಗೆ ಬಂತು. ಮೊದಲ ಸಾಲು. ಎರಡನೇ ಸಾಲು. ಚಿಕ್ಕಮಾದಣ್ಣ ಅರಿಶಿನ ಮೆತ್ತಿದ ಕೈಯನ್ನು ಎತ್ತಿ, ಅಂಗೈ ಚಾಚಿ ತಡೆದು, ಪಕ್ಕಕ್ಕೆ ಕಿವಿ ಕೊಟ್ಟ.

ಫೋನು ನಿಲ್ಲಲಿಲ್ಲ. ಮೂರನೇ ಸಾಲು ಹೋಯಿತು, ನಾಲ್ಕನೆಯದು ಹೋಯಿತು, ಹಾಡು ಮುಗಿಯಿತು. ಅವನು ಕೈ ಇಳಿಸಲಿಲ್ಲ.